ಸ್ವಾರಸ್ಯ ಬರೆಯುವ ವಿದ್ಯೆ

(ಗಂಗಾವತಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಒಂದು ಕವಿತೆಯ ಬಗ್ಗೆ, ಒಂದು ಕತೆಯ ಬಗ್ಗೆ ಆಧಾರಸಹಿತವಾಗಿ ಒಂದೇ ಒಂದು ಪ್ಯಾರಾ ಬರೆಯುವುದು ಹೇಗೆ ಎಂಬುದು ಇವತ್ತು ನಾನು ಆರಿಸಿಕೊಂಡ ವಿಷಯ. ದತ್ತಿ ಉಪನ್ಯಾಸಕ್ಕೆ ಇದು ಸಣ್ಣದಾಯಿತು ಎಂದು ಕೆಲವರಿಗೆ ಅನಿಸಬಹುದು. ಕವಿಯ ಬದುಕು ಬರಹ, ವಚನಗಳ ಸಾಮಾಜಿಕ ಕಳಕಳಿ, ದಾಸರ ಭಕ್ತಿ, ಇಂಥವು ಈ ವೇದಿಕೆಗಳಲ್ಲಿ ವಾಡಿಕೆಯ ವಿಷಯಗಳು. ಆ ದೊಡ್ಡ ವಿಷಯಗಳನ್ನು ಕಟ್ಟುವುದೂ ಪ್ಯಾರಾಗಳಿಂದಲೇ. ಪ್ಯಾರಾ ಗಟ್ಟಿಯಿಲ್ಲದಿದ್ದರೆ ಮುನ್ನೂರು ಪುಟದ ಮಹಾಪ್ರಬಂಧವೂ ಟೊಳ್ಳಾಗುತ್ತದೆ. ಪಿಎಚ್.ಡಿ. ಪ್ರಬಂಧಗಳನ್ನು ಓದಿದಾಗೆಲ್ಲ ನನಗೆ ನೋವಾಗುವುದು ಇದೇ ಕಾರಣಕ್ಕೆ: ವಿಷಯ ದೊಡ್ಡದಿರುತ್ತದೆ, ಓದು ಸಾಕಷ್ಟಿರುತ್ತದೆ, ಆದರೆ ಹೇಳಿದ ಮಾತಿಗೂ ಕೊಟ್ಟ ಪದ್ಯಕ್ಕೂ ನಡುವೆ ಏನು ಸಂಬಂಧವೆಂದು ಬರೆದವರು ಹೇಳಿರುವುದಿಲ್ಲ.

ಕನ್ನಡ ಶಾಲೆಯಲ್ಲಿ ಓದಿದ ಎಲ್ಲರಿಗೂ ಒಂದು ಪ್ರಶ್ನೆ ಗೊತ್ತು: 'ಸಂದರ್ಭಸಹಿತ ಸ್ವಾರಸ್ಯ ವಿವರಿಸಿ.' ಅದಕ್ಕೆ ಉತ್ತರ ಬರೆಯುವ ಕ್ರಮವೂ ಗೊತ್ತು. ಆಯ್ಕೆ, ಸಂದರ್ಭ, ಸ್ವಾರಸ್ಯ ಎಂದು ಮೂರು ತಲೆಬರಹ ಹಾಕಿ, ಅಡಿಗೆರೆ ಎಳೆದು ಬರೆಯುತ್ತೇವೆ. ಮಾತು ಯಾವ ಕೃತಿಯದು, ಯಾರು ಬರೆದದ್ದು ಎಂಬುದು ಆಯ್ಕೆ. ಯಾರು ಯಾರಿಗೆ ಯಾವಾಗ ಹೇಳಿದರು ಎಂಬುದು ಸಂದರ್ಭ. ಆ ಮಾತಿನ ಹೆಚ್ಚಳವೇನು, ಅದು ಯಾಕೆ ಹಾಗೇ ಇದೆ ಎಂಬುದು ಸ್ವಾರಸ್ಯ. ಸಾಹಿತ್ಯ ವಿಮರ್ಶೆಯ ಇಡೀ ವಿದ್ಯೆ ಈ ಮೂರು ಪದಗಳಲ್ಲಿ ಅಡಗಿದೆ ಎಂದು ನಾನು ನಂಬಿದ್ದೇನೆ. ಇದನ್ನು ಹತ್ತನೆಯ ತರಗತಿಯ ಮಕ್ಕಳಿಗೆ ಕಲಿಸಬೇಕೆಂದು ಯೋಚಿಸಿದ ಹಿರಿಯರು ಯಾರೇ ಇರಲಿ, ಅವರಿಗೆ ನಾವು ಋಣಿಗಳು.

ಆದರೆ ಉತ್ತರಪತ್ರಿಕೆಯ ಮೂರನೆಯ ತಲೆಬರಹದ ಕೆಳಗೆ ಏನಿರುತ್ತದೆ? 'ಈ ಮಾತು ಬಹಳ ಸ್ವಾರಸ್ಯಪೂರ್ಣವಾಗಿದೆ.' 'ಕವಿ ಇಲ್ಲಿ ಮನೋಜ್ಞವಾಗಿ ವರ್ಣಿಸಿದ್ದಾರೆ.' 'ಇದು ಹೃದಯಸ್ಪರ್ಶಿಯಾಗಿದೆ.' ಗೈಡುಗಳಲ್ಲಿ ಹೀಗೇ ಅಚ್ಚಾಗಿರುತ್ತದೆ, ಮಕ್ಕಳು ಹೀಗೇ ಬಾಯಿಪಾಠ ಮಾಡುತ್ತಾರೆ, ನಾವು ಹೀಗೇ ಅಂಕ ಕೊಡುತ್ತೇವೆ. ಇಂಥ ವಾಕ್ಯಕ್ಕೆ ಒಂದು ಪರೀಕ್ಷೆ ಇದೆ. ಅದನ್ನು ಅಲ್ಲಿಂದ ಎತ್ತಿ ಬೇರೆ ಯಾವುದೋ ಪಾಠದ ಉತ್ತರದಲ್ಲಿ ಇಡಿ. ಅಲ್ಲಿಯೂ ಒಂದಕ್ಷರ ಬದಲಾಗದೆ ಹೊಂದಿಕೊಂಡರೆ ಅದು ಈ ಪಾಠದ ಬಗ್ಗೆ ಏನನ್ನೂ ಹೇಳಿಲ್ಲ. ಕುಮಾರವ್ಯಾಸನಿಗೂ ಬೇಂದ್ರೆಗೂ ದೇವನೂರರಿಗೂ ಒಂದೇ ವಾಕ್ಯ ಸಲ್ಲುತ್ತದೆ ಎಂದರೆ ಅದು ಮೂವರನ್ನೂ ಓದದೆ ಬರೆದದ್ದು.

ಹೊಗಳಿಕೆ ಬೇಡ ಎನ್ನುತ್ತಿಲ್ಲ. ಮೆಚ್ಚುವುದು ಓದಿನ ಸಹಜ ಧರ್ಮ. ಮೆಚ್ಚಿದ್ದಕ್ಕೆ ಕಾರಣ ಆ ಪಠ್ಯದೊಳಗೆ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬೇಕು ಎಂಬುದಷ್ಟೇ ನನ್ನ ಕೋರಿಕೆ.

ಇದು ಹೊರಗಿನಿಂದ ಬಂದ ಕೋರಿಕೆಯೂ ಅಲ್ಲ. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಶ್ರೀವಿಜಯ ರಚಿಸಿದ 'ಕವಿರಾಜಮಾರ್ಗ'ವನ್ನು ನೆನೆಯಿರಿ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಕಿಸುವೊಳಲು, ಪುಲಿಗೆರೆ, ಒಕ್ಕುಂದಗಳ ಜೊತೆಗೆ ನಮ್ಮ ಕೊಪಣವನ್ನೂ ಅದು ಹೆಸರಿಸಿದೆ. ಕೊಪ್ಪಳದಲ್ಲಿ ಭಾಷಣ ಮಾಡುವವರೆಲ್ಲ ಆ ಸಾಲನ್ನು ಹೆಮ್ಮೆಯಿಂದ ನೆನೆಯುತ್ತಾರೆ. ನನಗೆ ಅಷ್ಟೇ ಮುಖ್ಯವಾಗಿ ಕಾಣುವುದು ಆ ಗ್ರಂಥದ ಕ್ರಮ. ದಂಡಿಯ 'ಕಾವ್ಯಾದರ್ಶ'ವನ್ನು ಮುಂದಿಟ್ಟುಕೊಂಡು ನಡೆದರೂ ಗ್ರಂಥಕಾರ ಕನ್ನಡದ ಪದ್ಯಗಳನ್ನೇ ತಂದು ಮಾತಾಡುತ್ತಾನೆ. ಮೊದಲು ಲಕ್ಷಣ ಹೇಳುತ್ತಾನೆ, ಬೆನ್ನಿಗೇ ಅದಕ್ಕೆ ಲಕ್ಷ್ಯ ಕೊಡುತ್ತಾನೆ. ದೋಷಗಳ ಪ್ರಕರಣದಲ್ಲಂತೂ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ದೋಷವಿರುವ ಪದ್ಯವನ್ನು ತೋರಿಸಿ, ಅದನ್ನೇ ತಿದ್ದಿ ಮತ್ತೆ ಬರೆದು ಪಕ್ಕದಲ್ಲಿಡುತ್ತಾನೆ. ಓದುಗ ಎರಡನ್ನೂ ಹೋಲಿಸಿ ನೋಡಿ ತಾನೇ ಒಪ್ಪಬೇಕು. ಬರೀ 'ಇದು ತಪ್ಪು, ನಾನು ಹೇಳುತ್ತೇನೆ ನಂಬು' ಎಂಬ ಧಾಟಿ ಅಲ್ಲಿಲ್ಲ. ಸಾವಿರದ ನೂರೈವತ್ತು ವರ್ಷಗಳಿಗೂ ಹಿಂದೆ ಕನ್ನಡದಲ್ಲಿ ಸಾಹಿತ್ಯದ ಬಗ್ಗೆ ಮಾತಾಡಿದವರು ಹೀಗೆ ಮಾತಾಡಿದರು.

ಅದೇ ಕ್ರಮವನ್ನು ಇಲ್ಲಿ ಅನುಸರಿಸುತ್ತೇನೆ. ಒಂದು ಬಿಗಿಯಿಲ್ಲದ ಪ್ಯಾರಾ, ಅದನ್ನೇ ತಿದ್ದಿದ ಇನ್ನೊಂದು ಪ್ಯಾರಾ. ಉದಾಹರಣೆಯೂ ಈ ಸೀಮೆಯದೇ. ರನ್ನ 993ರಲ್ಲಿ ಮುಗಿಸಿದ 'ಅಜಿತಪುರಾಣ'ದಲ್ಲಿ ತನ್ನ ಆಶ್ರಯದಾತೆ ಅತ್ತಿಮಬ್ಬೆಯನ್ನು ಕುರಿತು ಒಂದು ಸಣ್ಣ ಪದ್ಯವಿದೆ. ಆಕೆಯ ಚರಿತ ಪವಿತ್ರವಾದದ್ದು ಎಂದು ಹೇಳಲು ಕವಿ ನಾಲ್ಕು ಹೋಲಿಕೆ ತರುತ್ತಾನೆ: ಬಿಳಿಯ ಅರಳೆ, ಗಂಗೆಯ ನೀರು, ಗುರು ಅಜಿತಸೇನರ ಗುಣ, ಮತ್ತು ಕೊಪಣಾಚಲ, ಅಂದರೆ ಕೊಪ್ಪಳದ ಬೆಟ್ಟ.

ವಿದ್ಯಾರ್ಥಿಯೊಬ್ಬ ಹೀಗೆ ಬರೆಯುತ್ತಾನೆ ಎಂದುಕೊಳ್ಳಿ:

'ಕವಿಚಕ್ರವರ್ತಿ ರನ್ನನು ದಾನಚಿಂತಾಮಣಿ ಅತ್ತಿಮಬ್ಬೆಯನ್ನು ಬಹಳ ಸುಂದರವಾಗಿ ವರ್ಣಿಸಿದ್ದಾನೆ. ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದಳು. ರನ್ನನು ನಾಲ್ಕು ಉಪಮೆಗಳನ್ನು ಬಳಸಿ ಅವಳ ಹಿರಿಮೆಯನ್ನು ಸಾರಿದ್ದಾನೆ. ಇದರಿಂದ ಪ್ರಾಚೀನ ಕಾಲದಲ್ಲಿ ಮಹಿಳೆಯರಿಗೆ ಉನ್ನತ ಸ್ಥಾನವಿತ್ತು ಎಂದು ತಿಳಿಯುತ್ತದೆ.'

ಇದರಲ್ಲಿ ತಪ್ಪು ಮಾಹಿತಿ ಇಲ್ಲ. ಹುಡುಗ ಓದಿದ್ದಾನೆ, ಶ್ರಮಪಟ್ಟಿದ್ದಾನೆ. ಆದರೆ ಪದ್ಯದ ಒಳಗೆ ಕಾಲಿಡಲೇ ಇಲ್ಲ. ಸಾವಿರ ಪ್ರತಿಗಳ ಸಂಗತಿ ಅತ್ತಿಮಬ್ಬೆಯ ಚರಿತ್ರೆಗೆ ಸೇರಿದ್ದು, ಈ ಪದ್ಯದ ಸ್ವಾರಸ್ಯಕ್ಕೆ ಸೇರಿದ್ದಲ್ಲ. ಉಪಮೆ ನಾಲ್ಕು ಎಂದು ಎಣಿಸಿದ, ಯಾವ ನಾಲ್ಕು ಎಂದು ನೋಡಲಿಲ್ಲ. ಕೊನೆಯ ವಾಕ್ಯದಲ್ಲಂತೂ ಒಬ್ಬ ಶ್ರೀಮಂತ ದಂಡನಾಯಕನ ಮನೆಯ ಹೆಣ್ಣುಮಗಳ ಮೇಲಿನ ಒಂದು ಪದ್ಯದಿಂದ ಒಂದು ಕಾಲದ ಎಲ್ಲ ಹೆಂಗಸರ ಸ್ಥಿತಿಗೆ ಜಿಗಿದ. ಆ ಪದ್ಯ ಅಷ್ಟು ಭಾರ ಹೊರಲಾರದು.

ಈಗ ತಿದ್ದಿದ ಪ್ಯಾರಾ:

'ಅತ್ತಿಮಬ್ಬೆಯನ್ನು ಹೊಗಳುವಾಗ ರನ್ನ ಆಕೆಯ ರೂಪವನ್ನು ಬಿಟ್ಟು ನಡತೆಯನ್ನು ಮಾತ್ರ ಹಿಡಿಯುತ್ತಾನೆ. ಪದ್ಯದಲ್ಲಿ ಹೋಲಿಕೆಗೆ ಒಳಗಾಗಿರುವುದು ಆಕೆಯ ಚರಿತ. ಹೋಲಿಕೆಗೆ ತಂದ ನಾಲ್ಕರಲ್ಲಿ ಹೆಣ್ಣಿನ ವರ್ಣನೆಗೆ ವಾಡಿಕೆಯಾದ ಚಂದ್ರ, ತಾವರೆ, ಬಳ್ಳಿಗಳು ಒಂದೂ ಇಲ್ಲ. ಮೊದಲು ಬರುವ ಅರಳೆಯದು ಕಣ್ಣಿಗೆ ಕಾಣುವ ಬಿಳುಪು. ಗಂಗೆಯದು ಕೊಳೆ ತೊಳೆಯುವ ಶುಚಿ. ಅಜಿತಸೇನರದು ಸಾಧನೆಯಿಂದ ಬಂದ ಶುಚಿ. ಕೊಪಣಾಚಲ ಅಂಥ ಸಾಧಕರು ನೆಲೆಸಿ ಪವಿತ್ರವಾದ ನೆಲ. ಬಣ್ಣದಿಂದ ಹೊರಟ ಪದ್ಯ ಹೀಗೆ ಗುಣಕ್ಕೆ, ಗುಣದಿಂದ ತೀರ್ಥಕ್ಕೆ ಏರುತ್ತದೆ. ನಾಲ್ಕರಲ್ಲಿ ಮನುಷ್ಯರು ಒಬ್ಬರೇ, ಅವರು ಮುನಿ. ಗೃಹಸ್ಥೆಯೊಬ್ಬಳ ನಡತೆಯನ್ನು ಮುನಿಯ ಗುಣಕ್ಕೆ ಸರಿಸಮ ಎಂದಿರುವುದು ಈ ಹೊಗಳಿಕೆಯ ಹೆಚ್ಚಳ.'

ಎರಡನೆಯದು ಉದ್ದವಾಗಿದೆ, ಆದರೆ ಮುಖ್ಯ ವ್ಯತ್ಯಾಸ ಉದ್ದದ್ದಲ್ಲ. ಎರಡನೆಯದರ ಮೊದಲ ವಾಕ್ಯ ನೋಡಿ. 'ರೂಪವನ್ನು ಬಿಟ್ಟು ನಡತೆಯನ್ನು ಹಿಡಿಯುತ್ತಾನೆ' ಎಂಬುದು ಬೇರೆಯವರು ಅಲ್ಲಗಳೆಯಬಹುದಾದ ಮಾತು. 'ಸುಂದರವಾಗಿ ವರ್ಣಿಸಿದ್ದಾನೆ' ಎಂಬುದನ್ನು ಯಾರೂ ಅಲ್ಲಗಳೆಯುವುದಿಲ್ಲ. ಅಲ್ಲಗಳೆಯಲು ಬರುವ ಮಾತಿಗೇ ಆಧಾರ ಬೇಕಾಗುತ್ತದೆ, ಮತ್ತು ಅಂಥ ಮಾತು ಹೇಳಿದಾಗಲೇ ಬರೆಯುವವನು ಪಠ್ಯಕ್ಕೆ ಮರಳಿ ಹೋಗುತ್ತಾನೆ. ಆಮೇಲಿನ ವಾಕ್ಯಗಳು ಪದ್ಯದಲ್ಲಿ ಇರುವುದನ್ನು ಮಾತ್ರವಲ್ಲ, ಇಲ್ಲದ್ದನ್ನೂ ಗಮನಿಸಿವೆ. ಚಂದ್ರ, ತಾವರೆ ಇಲ್ಲ ಎಂಬುದು ಕಾಣಬೇಕಾದರೆ ಇನ್ನೂ ನಾಲ್ಕಾರು ಹಳಗನ್ನಡ ವರ್ಣನೆಗಳನ್ನು ಓದಿರಬೇಕು. ಓದಿನ ವಿಸ್ತಾರ ಇಲ್ಲಿ ಕೆಲಸಕ್ಕೆ ಬರುತ್ತದೆಯೇ ಹೊರತು ಬಿರುದುಗಳನ್ನು ಪಟ್ಟಿ ಮಾಡುವುದರಲ್ಲಿ ಅಲ್ಲ. ಹೋಲಿಕೆಗಳು ಯಾವ ಅನುಕ್ರಮದಲ್ಲಿ ಬಂದಿವೆ ಎಂದು ನೋಡಿರುವುದರಿಂದಲೇ 'ಏರುತ್ತದೆ' ಎಂಬ ಕ್ರಿಯಾಪದಕ್ಕೆ ಹಕ್ಕು ಬಂದಿದೆ.

ಇದರಲ್ಲೂ ಒಂದು ಸಡಿಲ ಕೊಂಡಿ ಇದೆ. 'ಸಾಧಕರು ನೆಲೆಸಿ ಪವಿತ್ರವಾದ ನೆಲ' ಎಂಬ ಮಾತು ಪದ್ಯದಲ್ಲಿಲ್ಲ. ಅದು ಹೊರಗಿನಿಂದ ತಂದದ್ದು, ಹಾಗಾಗಿ ಅದಕ್ಕೆ ಹೊರಗಿನ ಆಧಾರವನ್ನೇ ಕೊಡಬೇಕು. ಆಧಾರ ಇದೆ. ಕೊಪ್ಪಳದ ಬೆಟ್ಟಗಳಲ್ಲಿ ಜೈನ ಶಾಸನಗಳಿವೆ. ಹೊಯ್ಸಳರ ದಂಡನಾಯಕ ಗಂಗರಾಜನನ್ನು ಹೊಗಳುವ 12ನೆಯ ಶತಮಾನದ ಶಾಸನ, ಅವನು ಬಸದಿಗಳನ್ನು ಉದ್ಧರಿಸಿ ಗಂಗವಾಡಿಯನ್ನೇ ಕೊಪಣದಂತೆ ಬೆಳಗಿಸಿದ ಎನ್ನುತ್ತದೆ. ದೂರದ ಶ್ರವಣಬೆಳಗೊಳದ ಸೀಮೆಯವರಿಗೂ ಪಾವಿತ್ರ್ಯದ ಅಳತೆಗೋಲು ನಮ್ಮ ಕೊಪ್ಪಳದ ಬೆಟ್ಟವಾಗಿತ್ತು. ಈ ಒಂದು ಸಂಗತಿ ಸೇರಿಸಿದರೆ ರನ್ನನ ನಾಲ್ಕನೆಯ ಹೋಲಿಕೆ ಯಾಕೆ ಕೊನೆಯಲ್ಲಿ ನಿಂತಿದೆ ಎಂಬುದಕ್ಕೆ ಬಲ ಬರುತ್ತದೆ. ಪಠ್ಯದೊಳಗಿನ ಆಧಾರ ಯಾವುದು, ಹೊರಗಿನದು ಯಾವುದು ಎಂದು ಬೇರ್ಪಡಿಸಿ ಇಟ್ಟುಕೊಳ್ಳುವ ಶಿಸ್ತನ್ನು ವಿದ್ಯಾರ್ಥಿಗಳು ಪಿಯುಸಿಯಲ್ಲೇ ಕಲಿತರೆ ಮುಂದೆ ಸಂಶೋಧನೆಗೆ ಹೋದಾಗ ಬಹಳ ಉಪಕಾರವಾಗುತ್ತದೆ.

ಪ್ರಾಸಕ್ಕಾಗಿ, ಛಂದಸ್ಸಿಗಾಗಿ ಕವಿ ಈ ಹೆಸರುಗಳನ್ನು ತಂದಿರಬಾರದೇಕೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಒಳ್ಳೆಯ ಪ್ಯಾರಾ ಇಂಥ ಆಕ್ಷೇಪವನ್ನು ಮುಂಚೆಯೇ ಊಹಿಸಿ ಒಂದು ವಾಕ್ಯದಲ್ಲಿ ಎದುರಿಸುತ್ತದೆ. ಪ್ರಾಸ ಒಂದು ಅಕ್ಷರವನ್ನು ಬೇಡುತ್ತದೆ, ಆ ಅಕ್ಷರವಿರುವ ಹತ್ತು ಪದಗಳಲ್ಲಿ ಯಾವುದು ಬೇಕೆಂದು ಆರಿಸುವುದು ಕವಿಯೇ. ಹೀಗೆ ಉತ್ತರಿಸಬಹುದು. ಒಪ್ಪದವರು ಒಪ್ಪದೆ ಇರಲಿ. ಒಪ್ಪದಿರುವುದಕ್ಕೂ ಅವರು ಪದ್ಯವನ್ನೇ ತೆರೆದು ನೋಡಬೇಕಾಗುತ್ತದೆ, ನನಗೆ ಬೇಕಾದದ್ದೂ ಅದೇ.

ಹೀಗೆ ಪಠ್ಯದೊಳಗೆ ಬೆರಳಿಟ್ಟು ಓದುವ ಶಕ್ತಿ ನಮ್ಮ ಮಕ್ಕಳಲ್ಲಿ ಇಲ್ಲ ಎಂದು ಕೆಲವು ಅಧ್ಯಾಪಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಸಿದ್ಧಯ್ಯ ಪುರಾಣಿಕರ 'ಮೊದಲು ಮಾನವನಾಗು' ಕವಿತೆ ನಿಮಗೆಲ್ಲ ಗೊತ್ತು. ಯಲಬುರ್ಗಾ ಸೀಮೆಯ ದ್ಯಾಂಪುರದಲ್ಲಿ 1918ರಲ್ಲಿ ಹುಟ್ಟಿ, 'ಕಾವ್ಯಾನಂದ' ಎಂಬ ಹೆಸರಿನಲ್ಲಿ ಬರೆದು, 1987ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದವರು. ಆ ಕವಿತೆಯನ್ನು ತರಗತಿಯಲ್ಲಿ ಓದಿಸಿ, ಇದರಲ್ಲಿ ನಿಮಗೆ ಏನು ಕಂಡಿತು ಎಂದು ಕೇಳಿದೆ. ಎಲ್ಲರೂ 'ಮಾನವೀಯತೆಯ ಸಂದೇಶ' ಎಂದರು. ಹಿಂದಿನ ಬೆಂಚಿನ ಒಬ್ಬ ಹುಡುಗಿ ಮಾತ್ರ ಎದ್ದು ನಿಂತು ಹೇಳಿದಳು: 'ಸರ, ಅದಾಗು ಇದಾಗು ಅಂತ ಎಲ್ಲಾದಕ್ಕೂ ಹ್ಞೂ ಅಂತಾರ್ರಿ. ಆಮ್ಯಾಲ ಕಡೀಕ ಒಂದು ಶರತ್ತು ಹಾಕ್ತಾರ್ರಿ.'

ಅದೇ ಹುಡುಗಿ ಪರೀಕ್ಷೆಯಲ್ಲಿ 'ಕವಿ ಮಾನವೀಯತೆಯನ್ನು ಮನೋಜ್ಞವಾಗಿ ಪ್ರತಿಪಾದಿಸಿದ್ದಾರೆ' ಎಂದು ಬರೆದಳು. ಅವಳ ಬಾಯಲ್ಲಿದ್ದ ವಿಮರ್ಶೆ ಕೈಗೆ ಇಳಿಯಲಿಲ್ಲ. ಮನೆಯ ಮಾತಿನಲ್ಲಿ ಕಂಡದ್ದನ್ನು ಪುಸ್ತಕದ ಕನ್ನಡದಲ್ಲಿ ಬರೆಯಬೇಕೆಂದಾಗ, ಕಂಡದ್ದನ್ನೇ ಬಿಟ್ಟು ಪುಸ್ತಕದ ನುಡಿಗಟ್ಟನ್ನು ಹಿಡಿದುಕೊಂಡಳು. ಅವಳ ಮಾತನ್ನೇ ಸ್ವಲ್ಪ ಬಿಡಿಸಿದ್ದರೆ ಎಂಥ ಪ್ಯಾರಾ ಆಗುತ್ತಿತ್ತು ನೋಡಿ. ಕವಿತೆಯ ಉದ್ದಕ್ಕೂ ಧರ್ಮಗಳ, ವೃತ್ತಿಗಳ ಆಯ್ಕೆಗಳು ಬರುತ್ತವೆ, ಪ್ರತಿಯೊಂದಕ್ಕೂ 'ಆಗು' ಎಂಬ ಅದೇ ಕ್ರಿಯಾಪದ. ವ್ಯಾಕರಣದಲ್ಲಿ ಎಲ್ಲವೂ ವಿಧ್ಯರ್ಥವೇ. ಅರ್ಥದಲ್ಲಿ ಮಾತ್ರ ಮೊದಲಿನವು ಅನುಮತಿ, ಬೇಕಾದರೆ ಆಗು ಎಂಬ ಧಾಟಿ. ಕೊನೆಯ 'ಆಗು' ಒಂದೇ ಅಪ್ಪಣೆ, ಅದನ್ನು ಬಿಡುವಂತಿಲ್ಲ. ಮೇಲಾಗಿ, 'ಮೊದಲು' ಎಂಬ ಪದ ಪಲ್ಲವಿಯ ಕೊನೆಗೆ ಬರುತ್ತದೆ. ಆಯ್ಕೆಗಳನ್ನೆಲ್ಲ ಕೈಗೆ ಕೊಟ್ಟಾದ ಮೇಲೆ, ಇವೆಲ್ಲಕ್ಕಿಂತ ಮುಂಚೆ ಆಗಬೇಕಾದದ್ದು ಇನ್ನೂ ಉಳಿದಿದೆ ಎಂದು ಕವಿತೆ ಕೇಳುವವನನ್ನು ತಡೆದು ನಿಲ್ಲಿಸುತ್ತದೆ. ಉಪದೇಶದ ಕವಿತೆಯಾದರೂ ಅದು ಬೇಸರ ತರಿಸದಿರುವುದಕ್ಕೆ ಈ ಕಟ್ಟಡವೇ ಕಾರಣ ಎಂಬುದು ನನ್ನ ಅಭಿಪ್ರಾಯ. ಪುರಾಣಿಕರು ಐ.ಎ.ಎಸ್. ಅಧಿಕಾರಿಯಾಗಿದ್ದರು, ಸಜ್ಜನರಾಗಿದ್ದರು ಎಂದು ಎರಡು ಪುಟ ಬರೆದರೂ ಈ ಮಾತು ಹೊರಡುವುದಿಲ್ಲ. ಶಿಕ್ಷಕರಲ್ಲಿ ನನ್ನ ಬೇಡಿಕೆ ಇಷ್ಟು: ಮಕ್ಕಳು ಮೊದಲು ತಮ್ಮ ಮಾತಿನಲ್ಲೇ ಬರೆಯಲಿ. 'ಶರತ್ತು ಹಾಕ್ತಾರ್ರಿ' ಎಂದೇ ಬರೆಯಲಿ. ಶಿಷ್ಟ ಕನ್ನಡಕ್ಕೆ ತಿದ್ದುವುದು ಎರಡನೆಯ ಸಲದ ಕೆಲಸ.

ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಐ.ಎ. ರಿಚರ್ಡ್ಸ್ ಇಂಥದ್ದೇ ಒಂದು ಪ್ರಯೋಗ ಮಾಡಿದರು. ಕವಿಯ ಹೆಸರಿಲ್ಲದೆ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಕೊಟ್ಟು ಅಭಿಪ್ರಾಯ ಬರೆಸಿದರು. 1929ರಲ್ಲಿ ಆ ಬರಹಗಳನ್ನೇ ಆಧರಿಸಿ ಪುಸ್ತಕ ತಂದರು. ಅಷ್ಟು ದೊಡ್ಡ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳೂ ಕವಿತೆಯ ನೇರ ಅರ್ಥವನ್ನೇ ತಪ್ಪಿದ್ದರು, ಮನಸ್ಸಿನಲ್ಲಿ ಮೊದಲೇ ಸಿದ್ಧವಿದ್ದ ಭಾವನೆಯನ್ನು ಕವಿತೆಯ ಮೇಲೆ ಹೊರಿಸಿದ್ದರು. ಕಷ್ಟ ಗಂಗಾವತಿಗೆ, ಕುಷ್ಟಗಿಗೆ ಮಾತ್ರ ಸೇರಿದ್ದಲ್ಲ. ಕವಿಯ ಹೆಸರು ಮುಚ್ಚಿ ಓದಿಸುವುದಕ್ಕೆ ಖರ್ಚೂ ಇಲ್ಲ, ನಮ್ಮಲ್ಲೂ ಮಾಡಬಹುದು.

ಆಧಾರದ ಮಾತು ಬಂದಾಗ ಕುಮಾರರಾಮನನ್ನು ಬಿಡುವಂತಿಲ್ಲ. ಅವನ ಕುಮ್ಮಟದುರ್ಗ ನಮ್ಮ ಕಣ್ಣಳತೆಯಲ್ಲೇ ಇದೆ. ಕಂಪಿಲರಾಯನ ಮಗ, ಮಲತಾಯಿ ರತ್ನಾಜಿಯ ಬಯಕೆಯನ್ನು ನಿರಾಕರಿಸಿದವನು, ಪರನಾರೀ ಸಹೋದರ ಎಂದು ಈ ಸೀಮೆಯ ಜನ ಪೂಜಿಸುತ್ತಾರೆ. ನಂಜುಂಡಕವಿ ಸಾಂಗತ್ಯದಲ್ಲಿ ಅವನ ಕತೆ ಬರೆದ. ವಿದ್ಯಾರ್ಥಿಗಳು, ಕೆಲವೊಮ್ಮೆ ನಾವೂ, ಕಾವ್ಯದಲ್ಲಿ ಬಂದ ರತ್ನಾಜಿಯ ಪ್ರಸಂಗವನ್ನು ನಡೆದ ಘಟನೆ ಎಂದೇ ಬರೆದುಬಿಡುತ್ತೇವೆ. ಕಂಪಿಲಿಯ ರಾಜ್ಯ ದೆಹಲಿಯ ತುಘಲಕ್ ಸೇನೆಗೆ ಸೋತದ್ದು 1327ರ ಸುಮಾರಿಗೆ. ನಂಜುಂಡನ ಕಾವ್ಯ ಅದಾಗಿ ಸುಮಾರು ಎರಡು ಶತಮಾನದ ನಂತರದ್ದು. ಆ ಕಾವ್ಯ ಗಟ್ಟಿಯಾಗಿ ಸಾಕ್ಷಿ ನುಡಿಯುವುದು ತನ್ನ ಕಾಲದ ಕನ್ನಡಿಗರು ವೀರನಲ್ಲಿ ಯಾವ ಗುಣವನ್ನು ಹುಡುಕುತ್ತಿದ್ದರು ಎಂಬುದಕ್ಕೆ. ರಣದಲ್ಲಿ ಗೆಲ್ಲುವುದಷ್ಟೇ ಅವರಿಗೆ ಸಾಕಾಗಿರಲಿಲ್ಲ, ಅರಮನೆಯೊಳಗಿನ ಪರೀಕ್ಷೆಯಲ್ಲೂ ಅವನು ಗೆಲ್ಲಬೇಕಿತ್ತು. 'ರಾಮ ಹೀಗಿದ್ದ' ಎಂಬ ವಾಕ್ಯವನ್ನು 'ಕಾವ್ಯ ರಾಮನನ್ನು ಹೀಗೆ ಕಾಣಿಸುತ್ತದೆ' ಎಂದು ತಿದ್ದಿಕೊಂಡರೆ ಸಾಕು, ಪ್ಯಾರಾದ ದಿಕ್ಕೇ ಸರಿಯಾಗುತ್ತದೆ. ಇದರಿಂದ ರಾಮನ ಮೇಲಿನ ಭಕ್ತಿಗೆ ಕುಂದೇನೂ ಬರುವುದಿಲ್ಲ.

ಇನ್ನೊಂದು ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ಆಧಾರವೆಂದು ಕೊಡುವ ಸಾಲು ನಿಜವಾಗಿ ಆ ಕವಿಯದೇ ಆಗಿರಬೇಕು. ಮೊಬೈಲಿನಲ್ಲಿ ಬಸವಣ್ಣನವರ ಹೆಸರಿನಲ್ಲಿ ಬೆಳಗಿನ ಶುಭಾಶಯವಾಗಿ ಬರುವ ಸಾಲುಗಳನ್ನು ಉತ್ತರಪತ್ರಿಕೆಯಲ್ಲಿ, ಭಾಷಣದಲ್ಲಿ, ಕೆಲವು ಲೇಖನಗಳಲ್ಲೂ ಕಾಣುತ್ತೇವೆ. ಫ.ಗು. ಹಳಕಟ್ಟಿಯವರು ತಾಳೆಗರಿಗಳನ್ನು ಮನೆಮನೆ ತಿರುಗಿ ಕೂಡಿಹಾಕಿ 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ಕರ್ನಾಟಕ ಸರ್ಕಾರ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ 1993ರಲ್ಲಿ ಪ್ರಕಟಿಸಿತು. ಅಷ್ಟು ಜನರ ಕಣ್ಣು ಸವೆದು ಸಿದ್ಧವಾದ ಪಾಠ ಗ್ರಂಥಾಲಯದಲ್ಲಿರುವಾಗ ಅದನ್ನು ತೆರೆದು ನೋಡದಿರುವುದು ಅವರ ದುಡಿಮೆಗೆ ಮಾಡುವ ಅಗೌರವ.

ಗಂಗಾವತಿಯಲ್ಲಿ 2011ರ ಡಿಸೆಂಬರಿನಲ್ಲಿ 78ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆಯಿತು. ಕವಿಯೂ ವಿಮರ್ಶಕರೂ ಅನುವಾದಕರೂ ಆದ ಸಿ.ಪಿ.ಕೆ. ಅಧ್ಯಕ್ಷರಾಗಿದ್ದರು. ಅಂಥ ಉತ್ಸವಗಳಿಗೆ ಈ ಊರು ಮನಸ್ಸು ಬಿಚ್ಚಿ ದುಡ್ಡನ್ನೂ ದುಡಿಮೆಯನ್ನೂ ಕೊಟ್ಟಿದೆ. ಅದರ ನೂರರಲ್ಲಿ ಒಂದು ಪಾಲಿನಷ್ಟು ಶ್ರಮದಲ್ಲಿ ಆಗುವ ಒಂದು ಕೆಲಸವನ್ನು ದತ್ತಿಯ ಹಿರಿಯರ ಮುಂದೆ ಇಡುತ್ತೇನೆ.

ಪ್ರತಿ ವರ್ಷ ದತ್ತಿಯ ಬಡ್ಡಿಯಲ್ಲಿ ಒಂದು ಭಾಗವನ್ನು ತಾಲ್ಲೂಕಿನ ಪಿಯುಸಿ ಮತ್ತು ಪದವಿ ವಿದ್ಯಾರ್ಥಿಗಳ ಪ್ಯಾರಾ ಸ್ಪರ್ಧೆಗೆ ಮೀಸಲಿಡಿ. ಪ್ರಬಂಧ ಸ್ಪರ್ಧೆ ಬೇಡ, ಒಂದೇ ಪ್ಯಾರಾ, ಇನ್ನೂರು ಪದಕ್ಕೆ ಮೀರದಂತೆ. ಒಂದು ಪದ್ಯ, ಒಂದು ವಚನ ಅಥವಾ ಒಂದು ಕತೆಯ ಒಂದು ಪುಟವನ್ನು ಕುರಿತು ಬರೆಯಲಿ. ಯಾವ ಆವೃತ್ತಿಯ ಎಷ್ಟನೆಯ ಪುಟ ಎಂದು ಕೆಳಗೆ ನಮೂದಿಸುವುದು ಕಡ್ಡಾಯವಿರಲಿ. 'ಮನೋಜ್ಞ', 'ಹೃದಯಸ್ಪರ್ಶಿ', 'ಸ್ವಾರಸ್ಯಪೂರ್ಣ' ಎಂಬ ಪದಗಳನ್ನು ಬಳಸಕೂಡದು ಎಂದು ನಿಯಮದಲ್ಲೇ ಬರೆಯಿರಿ. ತೀರ್ಪುಗಾರರು ಅಂಕ ಕೊಟ್ಟು ಕೈತೊಳೆದುಕೊಳ್ಳದೆ, ಬಂದ ಪ್ರತಿ ಪ್ಯಾರಾಕ್ಕೂ ನಾಲ್ಕು ಸಾಲು ಟಿಪ್ಪಣಿ ಬರೆದು ವಿದ್ಯಾರ್ಥಿಗೆ ಹಿಂದಿರುಗಿಸಬೇಕು. ಯಾವ ಮಾತಿಗೆ ಆಧಾರ ಸಾಲದು, ಯಾವ ಸಾಲನ್ನು ಇನ್ನೊಮ್ಮೆ ನೋಡಬೇಕು ಎಂದು ಅದರಲ್ಲಿ ಹೇಳಬೇಕು. ಹಾಗೆ ತಿದ್ದಿ ಮತ್ತೆ ಬರೆದುಕೊಟ್ಟವರಲ್ಲಿ ಒಬ್ಬರಿಗೆ ಬಹುಮಾನ, ಮತ್ತು ಆ ಪ್ಯಾರಾವನ್ನು ಮುಂದಿನ ವರ್ಷದ ದತ್ತಿ ಉಪನ್ಯಾಸದ ದಿನ ಇದೇ ವೇದಿಕೆಯ ಮೇಲೆ ಅವರಿಂದಲೇ ಓದಿಸಬೇಕು. ಮೊದಲ ವರ್ಷದ ಟಿಪ್ಪಣಿಗಳನ್ನು ಬರೆದುಕೊಡುವ ಹೊಣೆಯನ್ನು ನಾನು ಹೊರುತ್ತೇನೆ.